ಸೂಲಗಿತ್ತಿಯ ಶ್ವಾಸಕೋಶ

ನನ್ನ ಎದೆಯೊಳಗೆ ಇರುವುದು ಸೂಲಗಿತ್ತಿ ನೀಲಮ್ಮಣ್ಣಿಯ ಶ್ವಾಸಕೋಶ ಎಂದು ಹದಿನಾಲ್ಕು ತಿಂಗಳು ನಾನು ನಂಬಿಕೊಂಡಿದ್ದೆ. ಬೆಳಗ್ಗೆ ಎದ್ದು ಮುಖ ತೊಳೆಯುವಾಗ, ಒಲೆ ಮುಂದೆ ಕೂತಾಗ, ಪಕ್ಕದ ಮನೆಯವರ ಜೊತೆ ನಗುತ್ತಾ ಮಾತಾಡುವಾಗ ಕೂಡ ಒಳಗೊಳಗೇ ಒಂದು ಮಾತು ಓಡುತ್ತಿತ್ತು. ಇದು ಮುದಿ ಉಸಿರು, ನನಗೆ ಮೋಸ ಆಗಿದೆ, ಮೋಸ ಮಾಡಿದವರು ಯಾರು ಎಂದು ಒಂದು ದಿನ ಹಿಡಿದೇ ಹಿಡಿಯುತ್ತೇನೆ.

ಮುದಿ ಎಂಬ ಮಾತನ್ನು ನಮ್ಮೂರಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಮಕ್ಕಳು ಎಲ್ಲ ಕಡೆಯಂತೆ ನಮ್ಮಲ್ಲೂ ಬೆಳೆಯುತ್ತವೆ. ಒಮ್ಮೆ ಮೈ ತುಂಬಿಕೊಂಡಿತು ಅಂದರೆ ಮುಖ ಅಲ್ಲಿಗೇ ನಿಂತುಬಿಡುತ್ತದೆ. ಕೂದಲು ನೆರೆಯುವುದಿಲ್ಲ, ಚರ್ಮ ಸುಕ್ಕಾಗುವುದಿಲ್ಲ, ಬೆನ್ನು ಬಾಗುವುದಿಲ್ಲ. ಅತ್ತೆ ಸೊಸೆ ಜಗಲಿಯ ಮೇಲೆ ಒಟ್ಟಿಗೆ ಕೂತಿದ್ದರೆ ಯಾರು ಅತ್ತೆ, ಯಾರು ಸೊಸೆ ಎಂದು ಮಾತಿನ ಗತ್ತು ನೋಡಿ ತಿಳಿಯಬೇಕೇ ಹೊರತು ಮುಖ ನೋಡಿ ಅಲ್ಲ. ಯಾರೂ ವರ್ಷ ಎಣಿಸುವುದಿಲ್ಲ. ಶಾಲೆಯ ಗಂಟೆಯ ಹಗ್ಗ ಕೈಗೆ ಎಟುಕಿದರೆ ಮಗುವನ್ನು ಒಂದನೇ ತರಗತಿಗೆ ಸೇರಿಸಿಕೊಳ್ಳುತ್ತಾರೆ. ಕೆಲಸ ಸಾಕು ಅನ್ನಿಸಿದ ದಿನ ಕೈಯಲ್ಲಿದ್ದ ಹತಾರ ಕೆಳಗಿಟ್ಟು ಮನೆಗೆ ಹೋಗುತ್ತಾರೆ, ಯಾರೂ ಯಾಕೆ ಅನ್ನುವುದಿಲ್ಲ. ಹೊಸಬರು ಎದುರಾದರೆ ಮೊದಲು ಮಾತಾಡಿದವರು ಎದುರಿನವರನ್ನು ಅಣ್ಣ ಅಥವಾ ಅಕ್ಕ ಎಂದು ಕರೆಯಬೇಕು, ಆವತ್ತಿನಿಂದ ಕರೆದವರೇ ಚಿಕ್ಕವರು. ಹಾಗಾಗಿ ನಮ್ಮೂರಿನ ಮದುವೆಮನೆಗಳಲ್ಲಿ ಗಂಡು ಹೆಣ್ಣಿನ ಕಡೆಯವರು ಮೊದಲ ಸಲ ಸೇರಿದಾಗ ಎಲ್ಲರೂ ಸ್ವಲ್ಪ ಹೊತ್ತು ತುಟಿ ಬಿಗಿದುಕೊಂಡು ನಿಂತಿರುತ್ತಾರೆ. ವಯಸ್ಸು ಕೇಳುವುದು ಮಾತ್ರ ಮೈಮೇಲಿನ ಬಟ್ಟೆ ಎಳೆದಷ್ಟೇ ಕೆಟ್ಟದ್ದು.

ನಾನು ಬಳಪದ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಗರಗಸದ ಮುಂದೆ ಕೂರುತ್ತಿದ್ದೆ. ಮಕ್ಕಳು ಸ್ಲೇಟಿನ ಮೇಲೆ ಬರೆಯುವ ಬಳಪ. ಬೂದುಬಣ್ಣದ ಕಲ್ಲನ್ನು ಚಪ್ಪಡಿ ಮಾಡಿ, ಚಪ್ಪಡಿಯನ್ನು ಕಡ್ಡಿ ಮಾಡಿ ಗೊಂಚಲು ಕಟ್ಟುವುದು ನಮ್ಮ ಕೆಲಸ. ಆ ಕಲ್ಲಿನ ಧೂಳು ಹಿಟ್ಟಿಗಿಂತ ನಯ. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಸಂಜೆ ಉಗುಳಿದರೆ ಬೂದು ಬರುತ್ತಿತ್ತು. ಮೊದಲು ಕೆಮ್ಮು, ಆಮೇಲೆ ದಮ್ಮು, ಆಮೇಲೆ ಸ್ನಾನಕ್ಕೆ ಚೊಂಬು ಎತ್ತುವುದಕ್ಕೂ ಆಗದಷ್ಟು ಸುಸ್ತು. ಕಾರ್ಖಾನೆಯ ಎಷ್ಟೋ ಜನ ಹೀಗೆ ಹೋಗಿದ್ದರು. ನನ್ನ ಪಕ್ಕದ ಗರಗಸದಲ್ಲಿದ್ದ ಪರಮಶಿವಯ್ಯ ಬೇಗ ಎಚ್ಚೆತ್ತು ನೀರು ಸರಬರಾಜಿನ ಕೆಲಸಕ್ಕೆ ಸೇರಿಕೊಂಡ. ಬೀದಿಬೀದಿಯ ನೀರಿನ ವಾಲ್ವು ತಿರುಗಿಸುವ ಕೆಲಸ. ಅಷ್ಟರಲ್ಲಿ ಅವನ ಎದೆಯೂ ಕಲ್ಲಾಗಿತ್ತು.

ಆಗಲೇ ಡಾಕ್ಟರ್ ಇಂದುಧರ ಹೊರಗಿನಿಂದ ಬಂದದ್ದು. ಅವರ ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು. ಅದನ್ನು ನೋಡಲಿಕ್ಕೆಂದೇ ಜನ ಇಲ್ಲದ ಹೊಟ್ಟೆನೋವು ಹೇಳಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದರು. ಸತ್ತವರ ಶ್ವಾಸಕೋಶ ತೆಗೆದು ಬದುಕಿರುವವರಿಗೆ ಹಾಕುತ್ತೇನೆ ಎಂದು ಅವರು ಹೇಳಿದಾಗ ಊರು ನಂಬಲಿಲ್ಲ. ಮೂರು ಜನರಿಗೆ ಹಾಕಿ, ಮೂವರೂ ನಡೆದುಕೊಂಡು ಮನೆಗೆ ಬಂದ ಮೇಲೆ ನಂಬಿತು. ಆದರೆ ನನ್ನನ್ನು ಮೊದಲ ಸಲ ಪರೀಕ್ಷೆ ಮಾಡಿದ ದಿನ ಅವರು ಕೇಳಿದ ಮೊದಲ ಪ್ರಶ್ನೆಗೆ ನನ್ನ ಗಂಡ ದೊರೆಸ್ವಾಮಿ ಕುರ್ಚಿ ಬಿಟ್ಟು ಎದ್ದುಬಿಟ್ಟರು.

"ವಯಸ್ಸೆಷ್ಟಮ್ಮ?"

"ಏನ್ರೀ ಡಾಕ್ಟ್ರೇ, ಹೆಂಗಸ್ರನ್ನ ಕೇಳೋ ಮಾತಾ ಇದು?"

"ಕೂತ್ಕೊಳ್ಳಿ ಯಜಮಾನ್ರೇ. ತಗೊಳ್ಳೋರ್ದೂ ಕೊಡೋರ್ದೂ ವಯಸ್ಸು ಗೊತ್ತಿದ್ರೆ ನನಗೆ ಸುಲಭ, ಅದಕ್ಕೆ ಕೇಳ್ದೆ. ಮುಖ ಹೇಗಾದ್ರೂ ಇರ್ಲಿ, ಒಳಗಿನ ಶ್ವಾಸಕೋಶಕ್ಕೆ ವಯಸ್ಸಾಗೇ ಆಗುತ್ತೆ. ವಯಸ್ಸಾದ ಶ್ವಾಸಕೋಶ ಒಂದು ಮೈಯಿಂದ ಇನ್ನೊಂದು ಮೈಗೆ ಹೋಗುವಾಗ ಬೇಗ ಪೆಟ್ಟು ತಿನ್ನುತ್ತೆ. ನೀರು ತುಂಬ್ಕೊಂಡು ಊದುತ್ತೆ, ಮಾಯೋದೂ ನಿಧಾನ."

ಆ ಮಾತು ನನ್ನ ಕಿವಿಯಲ್ಲೂ ಉಳಿಯಿತು, ನನ್ನ ಗಂಡನ ಕಿವಿಯಲ್ಲೂ ಉಳಿಯಿತು. ಆಮೇಲೆ ಆದದ್ದೆಲ್ಲ ಆ ಮಾತಿನಿಂದಲೇ.

ಮಳೆಗಾಲ ಮುಗಿದ ಮೇಲೆ ಒಂದೇ ದಿನ ಎರಡು ಸಾವು ಬಂತು. ನೀಲಮ್ಮಣ್ಣಿ ಮೆದುಳಿನಲ್ಲಿ ರಕ್ತನಾಳ ಒಡೆದು ಬಿದ್ದಿದ್ದಳು. ಗೋಡೆಗಳ ಮೇಲೆ ಜಾಹೀರಾತು ಬರೆಯುವ ಗುರುಮಲ್ಲ ಹತ್ತಿ ನಿಂತಿದ್ದ ಸಾರುವೆ ಮುರಿದು ತಲೆ ಕೆಳಗಾಗಿ ಬಿದ್ದಿದ್ದ. ಇಬ್ಬರ ಎದೆಯೂ ಯಂತ್ರದ ಗಾಳಿಗೆ ಏರಿಳಿಯುತ್ತಿತ್ತು, ಇಬ್ಬರ ಮೆದುಳೂ ಸತ್ತಿತ್ತು. ಕಾಯುತ್ತಿದ್ದವರು ನಾನು ಮತ್ತು ಪರಮಶಿವಯ್ಯ. ನೀಲಮ್ಮಣ್ಣಿ ಅರ್ಧ ಊರಿನ ಹೆರಿಗೆ ಮಾಡಿಸಿದ್ದವಳು, ನಾನು ಹುಟ್ಟಿದ್ದೂ ಅವಳ ಕೈಯಲ್ಲೇ. ಮುಖ ಮಾತ್ರ ನಿನ್ನೆ ಮೊನ್ನೆ ಮದುವೆಯಾದವಳ ಹಾಗೆ. ಆದರೆ ಅವಳಿಗೆ ವರ್ಷ ಬಹಳ ಆಗಿದೆ ಎಂದು ಯಾರೂ ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ಆ ಬೆಳಗ್ಗೆ ನನ್ನನ್ನು ಕುರ್ಚಿಯಲ್ಲಿ ಹೊತ್ತು ಆಸ್ಪತ್ರೆಗೆ ತಂದರು. ಉಸಿರಿಲ್ಲದೆ ನನ್ನ ತುಟಿ ನೀಲಿಯಾಗಿತ್ತಂತೆ. ಅರ್ಧ ಎಚ್ಚರ, ಅರ್ಧ ಮಂಪರು. ಯಾರು ಏನು ಮಾತಾಡಿದರು ಎಂದು ನನಗೆ ನೆನಪಿಲ್ಲ. ಪರಮಶಿವಯ್ಯನ ತಳ್ಳುಮಂಚ ಗಡಗಡ ಸದ್ದು ಮಾಡುತ್ತಾ ನನ್ನನ್ನು ದಾಟಿ ಮುಂದೆ ಹೋದದ್ದು, ಅದನ್ನು ತಳ್ಳುತ್ತಿದ್ದವನು ಆಸ್ಪತ್ರೆಯ ಆಳು ಮಾದಯ್ಯ, ಇಷ್ಟು ಮಾತ್ರ ನೆನಪಿದೆ. ಮಾದಯ್ಯ ಪರಮಶಿವಯ್ಯನ ಹೆಂಡತಿಯ ತಮ್ಮ.

ಎಚ್ಚರ ಬಂದಾಗ ಗಂಟಲಲ್ಲಿ ಕೊಳವೆ ಇತ್ತು, ಆರು ದಿನ ಕಳೆದಿತ್ತು. ಹೊಸ ಶ್ವಾಸಕೋಶ ಮೊದಲ ದಿನವೇ ನೀರು ತುಂಬಿಕೊಂಡು ಊದಿಕೊಂಡಿತಂತೆ. ಎಕ್ಸ್‌ರೇಯಲ್ಲಿ ಎದೆಯೆಲ್ಲ ಬಿಳಿಯಾಗಿ ಕಾಣುತ್ತಿತ್ತು. ಹನ್ನೊಂದನೇ ದಿನ ಕೊಳವೆ ತೆಗೆದರು. ಆಗ ನಾನು ಕೇಳಿದ ಮೊದಲ ಮಾತು, "ಪರಮಶಿವಯ್ಯ?"

"ಎರಡನೇ ದಿನಕ್ಕೇ ಎದ್ದು ಕೂತ್ಕೊಂಡ್ರು," ಅಂದಳು ನರ್ಸು, ನನಗೆ ಸಂತೋಷವಾಗಲಿ ಎಂದು. "ಮೊನ್ನೆ ಮನೆಗೂ ಹೋದ್ರು."

ಅಲ್ಲಿಗೆ ನನಗೆ ಎಲ್ಲ ಸ್ಪಷ್ಟವಾಯಿತು. ಅವನು ಎರಡು ದಿನಕ್ಕೆ ಎದ್ದ, ನಾನು ಹನ್ನೊಂದು ದಿನ ಸತ್ತು ಬದುಕಿದೆ. ಅವನನ್ನು ಮೊದಲು ಒಳಗೆ ಕರೆದುಕೊಂಡು ಹೋದರು. ತಳ್ಳಿಕೊಂಡು ಹೋದವನು ಅವನ ಬಾಮೈದ. ಗೋಡೆ ಬರೆಯುವ ಹುಡುಗನ ಹೊಸ ಶ್ವಾಸಕೋಶ ಯಾರ ಪಾಲಾಯಿತು, ಸೂಲಗಿತ್ತಿಯ ಹಳೆಯದು ಯಾರ ಪಾಲಾಯಿತು ಎಂದು ಇನ್ನೂ ಯಾರಾದರೂ ಹೇಳಬೇಕೇ? ಡಾಕ್ಟರನ್ನು ಕೇಳಿದೆ.

"ನನಗೆ ಹಾಕಿರೋದು ಎಷ್ಟು ವಯಸ್ಸಿನದು ಡಾಕ್ಟ್ರೇ?"

ಅವರು ನನ್ನ ನಾಡಿ ಹಿಡಿದುಕೊಂಡೇ ಕಿಟಕಿಯ ಕಡೆ ನೋಡಿದರು. "ಈ ಊರಲ್ಲಿ ಯಾರಮ್ಮ ನನಗೆ ವಯಸ್ಸು ಹೇಳ್ತಾರೆ? ರಕ್ತದ ಗುಂಪು ನೋಡ್ದೆ, ಅಳತೆ ನೋಡ್ದೆ. ನಿಮಗೆ ಹೊಂದೋದನ್ನ ನಿಮಗೆ ಹಾಕ್ದೆ."

ಕಣ್ಣಿಗೆ ಕಣ್ಣು ಕೊಡದೆ ಹೇಳಿದ ಮಾತನ್ನು ಯಾರು ನಂಬುತ್ತಾರೆ?

ಮನೆಗೆ ಬಂದೆ. ನಡೆಯುತ್ತಿದ್ದೆ, ಅಡುಗೆ ಮಾಡುತ್ತಿದ್ದೆ, ಆದರೆ ಬಾವಿಕಟ್ಟೆಯಿಂದ ಒಂದು ಕೊಡ ತರುವಷ್ಟರಲ್ಲಿ ಎರಡು ಸಲ ನಿಲ್ಲಬೇಕಿತ್ತು. ಎಡಭಾಗದ ಕೆಳಗೆ ಒಂದಷ್ಟು ಗಾಯ ಮಾಯ್ದು ಗಟ್ಟಿಯಾಗಿಬಿಟ್ಟಿದೆ, ಅದು ಇನ್ನು ಗಾಳಿ ತುಂಬಿಕೊಳ್ಳುವುದಿಲ್ಲ ಅಂದರು ಡಾಕ್ಟರು. ಪರಮಶಿವಯ್ಯ ಮಾತ್ರ ದಿನಾ ಬೆಳಗ್ಗೆ ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲೆ ಇಟ್ಟುಕೊಂಡು ನಮ್ಮ ಬೀದಿಯಲ್ಲಿ ಹೋಗುತ್ತಿದ್ದ. ನಮ್ಮ ಬಾಗಿಲ ಮುಂದಿನ ವಾಲ್ವಿಗೆ ಬಗ್ಗಿ, ಎರಡು ಸುತ್ತು ತಿರುಗಿಸಿ, "ಹೇಗಿದ್ದೀರಾ ಹೊನ್ನಾಜಮ್ಮ?" ಅನ್ನುತ್ತಿದ್ದ. ಬಗ್ಗಿ ಎದ್ದು ಮಾತಾಡಿದರೂ ಅವನಿಗೆ ದಮ್ಮು ಹತ್ತುತ್ತಿರಲಿಲ್ಲ. ನಾನು ಅದನ್ನೇ ಗಮನಿಸುತ್ತಾ ನಿಲ್ಲುತ್ತಿದ್ದೆ. ನನ್ನದನ್ನು ಹೊತ್ತುಕೊಂಡು ನನ್ನ ಬಾಗಿಲಿಗೇ ಬರುತ್ತಾನಲ್ಲ ಅನ್ನಿಸುತ್ತಿತ್ತು.

ಅನುಮಾನ ಬರೀ ಅವನ ಮೇಲೆ ನಿಲ್ಲಲಿಲ್ಲ. ನನ್ನ ಗಂಡನ ಮೇಲೂ ಬಂತು. ಆಪರೇಷನ್ ಆದ ಮೇಲೆ ಅವರು ಬದಲಾಗಿಬಿಟ್ಟಿದ್ದರು. ಮೊದಲು ಊಟಕ್ಕೆ ಕೂತರೆ ಸಾರಿಗೆ ಉಪ್ಪು ಕಡಿಮೆ ಎಂದು ಕೂಗಾಡುತ್ತಿದ್ದ ಮನುಷ್ಯ ಈಗ ಹಾಕಿದ್ದನ್ನು ತಲೆ ತಗ್ಗಿಸಿಕೊಂಡು ತಿನ್ನುತ್ತಿದ್ದರು. ನನ್ನ ಬಟ್ಟೆ ಒಗೆಯುತ್ತಿದ್ದರು, ಮಾತ್ರೆ ಎಣಿಸಿ ಕೊಡುತ್ತಿದ್ದರು. ನಾನು ಕೆಮ್ಮಿದರೆ ಎದ್ದು ಹೊರಗೆ ಹೋಗಿ ಬೀದಿಯಲ್ಲಿ ನಿಲ್ಲುತ್ತಿದ್ದರು. ತಿಂಗಳಿಗೊಮ್ಮೆ ಡಾಕ್ಟರನ್ನು ಒಬ್ಬರೇ ಹೋಗಿ ನೋಡುತ್ತಿದ್ದರು. "ಯಾಕೆ ಹೋಗಿದ್ರಿ?" ಅಂದರೆ, "ಹಾಗೇ ಸುಮ್ನೆ," ಅನ್ನುತ್ತಿದ್ದರು. ನಲವತ್ತು ಬಾಗಿಲು ದಾಟಿ ದಿಬ್ಬ ಹತ್ತಿ ಸುಮ್ಮನೆ ಯಾರಾದರೂ ಡಾಕ್ಟರ ಹತ್ತಿರ ಹೋಗುತ್ತಾರೆಯೇ? ಆ ದಿನ ಮುದಿ ಶ್ವಾಸಕೋಶವಾದರೂ ಪರವಾಗಿಲ್ಲ, ಹಾಕಿ ಎಂದು ಒಪ್ಪಿದವರು ಇವರೇ ಇರಬೇಕು ಎಂದುಕೊಂಡೆ. ಇಪ್ಪತ್ತೋ ಮೂವತ್ತೋ ಎಷ್ಟೋ ವರ್ಷ ಒಂದೇ ತಟ್ಟೆಯಲ್ಲಿ ಉಂಡ ಮನುಷ್ಯನನ್ನು ಬಾಗಿಲ ಸಂದಿಯಿಂದ ನೋಡುವುದು ಕಲಿತೆ.

ಕೊನೆಗೆ ನಾನು ಒಂದು ಅರ್ಜಿ ಬರೆಸಿದೆ. ಶ್ವಾಸಕೋಶ ಕೊಟ್ಟವರ ವಯಸ್ಸನ್ನು ಆಸ್ಪತ್ರೆಯವರು ಮೊದಲೇ ಹೇಳಬೇಕು, ಹೇಳದಿದ್ದರೆ ರೋಗಿಯ ಮನೆಯವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಿಲ್ಲ ಎಂದು. ಅದನ್ನು ಹಿಡಿದು ಬೀದಿಬೀದಿ ತಿರುಗಿದೆ. ಎಷ್ಟೋ ಮನೆಯವರು ನನ್ನ ಮುಖಕ್ಕೇ ಬಾಗಿಲು ಹಾಕಿದರು, ವಯಸ್ಸು ಅಂತ ನಾಲಿಗೆ ಮೇಲೆ ಹೇಗೆ ತರ್ತೀಯಮ್ಮ ಅಂದರು. ಆದರೆ ಬಳಪದ ಕಾರ್ಖಾನೆಯವರ ಮನೆಗಳಲ್ಲಿ ಒಳಗೆ ಕರೆದರು. ಮೊದಲ ಸಹಿ ಹಾಕಿದವಳು ಜವನಮ್ಮ. ಅವಳ ತಮ್ಮ ಕಾಳಯ್ಯ ನನ್ನ ಗರಗಸದ ಮುಂದೆಯೇ ಆಮೇಲೆ ಕೂತವನು, ಈಗ ಆಸ್ಪತ್ರೆಯಲ್ಲಿ ಕಾಯುತ್ತಿದ್ದ.

"ನಿಮ್ಗಾದ್ದು ನನ್ ತಮ್ಮಂಗೆ ಆಗ್ಬಾರ್ದು ಅಕ್ಕ," ಅಂದಳು ಜವನಮ್ಮ. "ವಯಸ್ಸು ಹೇಳೋ ತನ್ಕ ನಾನು ಸಹಿ ಹಾಕಲ್ಲ, ದೇವ್ರಾಣೆ."

ಸಹಿ, ಹೆಬ್ಬೆಟ್ಟು ಸೇರಿ ನೂರು ದಾಟಿದ ವಾರ ಮಾದಯ್ಯ ನನಗೆ ತರಕಾರಿ ಅಂಗಡಿಯ ಮುಂದೆ ಸಿಕ್ಕಿದ. ನಾನೇ ತಡೆದು ನಿಲ್ಲಿಸಿದೆ.

"ಅಕ್ಕನ ಗಂಡನಿಗೆ ಹುಡುಗನ ಶ್ವಾಸಕೋಶ, ನನಗೆ ಸೂಲಗಿತ್ತೀದು. ನಿನ್ನ ಕೈಯಲ್ಲೇ ಶ್ವಾಸಕೋಶದ ಪೆಟ್ಟಿಗೆ ಹೋದದ್ದು ಅಲ್ವೇನೋ? ಈಗ್ಲಾದ್ರೂ ಒಪ್ಕೋ."

ಮಾದಯ್ಯ ಕೈಚೀಲ ಕೆಳಗಿಟ್ಟ. ಕೋಪಕ್ಕೆ ಅವನ ಕತ್ತಿನ ನರ ಎದ್ದಿತ್ತು. "ಹದಿನಾಲ್ಕು ತಿಂಗಳಿಂದ ಊರೆಲ್ಲ ನನ್ನ ಕಳ್ಳ ಅನ್ನೋ ಹಾಗೆ ನೋಡ್ತಾ ಇದೆ. ಡಾಕ್ಟ್ರು ಬಾಯಿ ಮುಚ್ಕೊಂಡಿರು ಅಂದ್ರು, ಮುಚ್ಕೊಂಡಿದ್ದೆ. ಇನ್ನಾಗಲ್ಲ. ಕೇಳಿ ಹೊನ್ನಾಜಮ್ಮ, ನಮ್ ಭಾವನ ಎದೇಲಿರೋದು ನೀಲಮ್ಮಣ್ಣೀದು. ನಿಮ್ಮ ಎದೇಲಿರೋದೇ ಆ ಹುಡುಗಂದು. ನಂಬಿಕೆ ಇಲ್ದಿದ್ರೆ ಅವ್ರಮ್ಮನ್ನ ಹೋಗಿ ಕೇಳಿ."

"ಸುಳ್ಳು," ಅಂದೆ.

"ಸುಳ್ಳಾದ್ರೆ ನನ್ನ ಚಪ್ಪಲೀಲಿ ಹೊಡೀರಿ," ಅಂದು ಚೀಲ ಎತ್ತಿಕೊಂಡು ಹೋದ.

ನಾನು ನೇರ ಗುರುಮಲ್ಲನ ಮನೆಗೆ ಹೋದೆ. ಅವನ ತಾಯಿ ಸಣ್ಣತಾಯಮ್ಮ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮುಖ ನೋಡಿದರೆ ಸತ್ತ ಮಗನ ತಂಗಿಯ ಹಾಗಿದ್ದಳು. ಗೋಡೆಗೆ ಒರಗಿಸಿಟ್ಟ ಬಣ್ಣದ ಡಬ್ಬಿಗಳು ಹಾಗೇ ಇದ್ದವು, ಮುಚ್ಚಳದ ಸುತ್ತ ಬಣ್ಣ ಒಣಗಿ ಸಿಪ್ಪೆ ಏಳುತ್ತಿತ್ತು. ನಾನು ಮೊದಲು ಮಾತಾಡಿದೆ. ಅವಳನ್ನು ಅಕ್ಕ ಎಂದು ಕರೆದೆ. ಕೂರಿಸಿ ನೀರು ಕೊಟ್ಟಳು. ನೀರು ಕುಡಿದು, ಎಷ್ಟು ಸುತ್ತಿ ಬಳಸಿದರೂ ಕೊನೆಗೆ ಮಗನ ವಯಸ್ಸಿನ ಮಾತಿಗೇ ಬರಬೇಕಾಗಿತ್ತು. ಕೇಳಿದೆ.

ಅವಳ ಕೈ ಮೊರದಲ್ಲಿ ನಿಂತಿತು. ಬೈಯುತ್ತಾಳೆ, ಎಬ್ಬಿಸಿ ಕಳಿಸುತ್ತಾಳೆ ಎಂದುಕೊಂಡೆ.

"ಇಪ್ಪತ್ತಮೂರು," ಅಂದಳು.

"ಎಣಿಸಿದ್ರಾ ಅಕ್ಕ?"

"ಬಾಯಲ್ಲಿ ಹೇಳ್ಲಿಲ್ಲ ಅಷ್ಟೆ. ಹೆತ್ತವಳು ಎಣಿಸ್ದೆ ಇರ್ತಾಳಾ? ಇಪ್ಪತ್ತಮೂರು ತುಂಬಿ ನಾಲ್ಕು ತಿಂಗಳು." ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ನಾನು ಯಾಕೆ ಬಂದೆ ಎಂದು ಅವಳಿಗೆ ಆಗ ಹೊಳೆಯಿತು. "ನಿಮ್ಗೇ ಅಲ್ವಾ ಅದು ಹೋಗಿದ್ದು? ನೀವೇ ಅಲ್ವಾ ಆ ಅರ್ಜಿ ಹಿಡ್ಕೊಂಡು ತಿರುಗ್ತಿರೋರು? ಯಾಕಮ್ಮ, ಇಪ್ಪತ್ತಮೂರು ವರ್ಷದ್ದು ನಿಮ್ಗೆ ಸಾಲ್ಲಿಲ್ವಾ?"

ಕೈಯಲ್ಲಿ ಲೋಟ ಹಿಡಿದುಕೊಂಡೇ ಎದ್ದುಬಿಟ್ಟಿದ್ದೆ. ಬೀದಿಯ ತನಕ ಬಂದ ಮೇಲೆ ಅದು ಗೊತ್ತಾಗಿ, ತಿರುಗಿ ಹೋಗಿ ಅವಳ ಜಗಲಿಯ ಮೇಲಿಟ್ಟು ಬಂದೆ. ಅವಳು ತಲೆ ಎತ್ತಲಿಲ್ಲ.

ನಾಚಿಕೆ ಒಂದು ಕಡೆ, ಆದರೂ ಅನುಮಾನ ಬಿಡಲಿಲ್ಲ, ಬೇರೆ ಕಡೆ ತಿರುಗಿಕೊಂಡಿತು ಅಷ್ಟೆ. ಇಪ್ಪತ್ತಮೂರರ ಗಟ್ಟಿ ಶ್ವಾಸಕೋಶ ನನ್ನೊಳಗೆ ಬಂದು ಯಾಕೆ ಊದಿಕೊಂಡಿತು? ಮುದಿಯದು ಅವನಲ್ಲಿ ಯಾಕೆ ಊದಿಕೊಳ್ಳಲಿಲ್ಲ? ಹಾಗಾದರೆ ಡಾಕ್ಟರ ಕೈಚಳಕ ತಪ್ಪಿರಬೇಕು. ಮಾರನೇ ದಿನ ಆಸ್ಪತ್ರೆಗೆ ಹೋಗಿ ಅವರ ಮುಂದೆ ಕೂತು ಅದನ್ನೇ ಕೇಳಿದೆ. ಗುರುಮಲ್ಲನ ವಯಸ್ಸನ್ನೂ ಹೇಳಿದೆ.

ಡಾಕ್ಟರ್ ಇಂದುಧರ ಪೆನ್ನು ತೆಗೆದು ಆ ಅಂಕಿಯನ್ನು ಒಂದು ಕಾಗದದ ಮೇಲೆ ಬರೆದುಕೊಂಡರು. "ಇಪ್ಪತ್ತಮೂರಾ? ನಾನೂ ಅಷ್ಟೇ ಇರ್ಬೇಕು ಅಂದ್ಕೊಂಡಿದ್ದೆ. ಒಳಗೆ ನೋಡಿದ್ರೆ ಅಂದಾಜಾಗುತ್ತೆ. ನೀಲಮ್ಮಣ್ಣೀದು ಹಳೇದು ಅನ್ನೋದೂ ನೋಡಿದ ತಕ್ಷಣ ಗೊತ್ತಾಯ್ತು. ಅದಕ್ಕೇ ಪರಮಶಿವಯ್ಯನ್ನ ಮೊದ್ಲು ತಗೊಂಡೆ. ಹಳೇ ಶ್ವಾಸಕೋಶ ಕಾಯೋದಿಲ್ಲಮ್ಮ. ಹೊರಗೆ ತೆಗೆದ ಮೇಲೆ ಒಂದೊಂದು ಗಂಟೆಯೂ ಅದಕ್ಕೆ ಭಾರ. ಓಡಿ ಓಡಿ ಹಾಕಿದ್ವಿ, ಉಳೀತು."

"ನಂದು?"

ಅವರು ಎದ್ದು ಬೀರುವಿನಿಂದ ಒಂದು ಫೈಲು ತೆಗೆದರು. "ನೀವು ಬಂದಾಗ್ಲೆಲ್ಲ ವಯಸ್ಸು ಕೇಳಿದ್ರಿ. ಸಮಯ ಕೇಳ್ಲಿಲ್ಲ. ಕೇಳಿದ್ರೆ ನಾನು ಮುಚ್ಚಿಡೋ ಹಾಗಿರ್ಲಿಲ್ಲ." ಹಾಳೆ ತಿರುಗಿಸಿ ನನ್ನ ಮುಂದಿಟ್ಟರು. "ನಿಮ್ಮ ಶ್ವಾಸಕೋಶದ ಪೆಟ್ಟಿಗೆ ಐಸಲ್ಲಿ ಆಪರೇಷನ್ ಥಿಯೇಟರ್ ಬಾಗಿಲಿಗೆ ಬಂದದ್ದು ಹನ್ನೊಂದು ಗಂಟೆಗೆ. ಪೆಟ್ಟಿಗೆ ತೆರೆದದ್ದು ನಾಲ್ಕಕ್ಕೆ. ಅದರ ಮೇಲೆ ಹೊಲಿಯೋ ಹೊತ್ತು. ಎಷ್ಟು ಎಳೇದಾದ್ರೂ ಅದಕ್ಕೂ ಒಂದು ತಾಳ್ಮೆ ಇರುತ್ತೆ. ಅದೇ ಹಳೇದಾಗಿದ್ದಿದ್ರೆ ನೀವು ಈವತ್ತು ಈ ಕುರ್ಚೀಲಿ ಕೂತು ನನ್ನ ಬೈತಿರ್ಲಿಲ್ಲ. ಎಳೇದಾಗಿದ್ದಕ್ಕೇ ಅಷ್ಟು ಪೆಟ್ಟು ತಿಂದೂ ನಿಮ್ಮನ್ನ ಉಳಿಸ್ತು."

"ಐದು ಗಂಟೆ ಯಾಕೆ ಇಟ್ರಿ?"

ಅವರು ಬೆರಳಿನಿಂದ ಹಾಳೆಯ ಕೆಳಗೆ ತೋರಿಸಿದರು. ಒಪ್ಪಿಗೆ ಪತ್ರ. ಕೆಳಗೆ ಸಹಿ, ಸಹಿಯ ಪಕ್ಕ ಮೂರು ಗಂಟೆ ನಲವತ್ತು ನಿಮಿಷ. ಆ ಸಹಿಯ ದೊಡ್ಡ ದಕಾರ ನನಗೆ ಪರಿಚಯವಿತ್ತು.

ಮನೆಗೆ ಬಂದಾಗ ನನ್ನ ಗಂಡ ಹಿತ್ತಲಲ್ಲಿ ನನ್ನ ಸೀರೆ ಹಿಂಡುತ್ತಿದ್ದರು. ನಾನು ಬಾಗಿಲ ಹೊಸ್ತಿಲ ಮೇಲೆ ಕೂತೆ.

"ಹನ್ನೊಂದರಿಂದ ಮೂರು ನಲವತ್ತರ ತನಕ ಏನ್ ಮಾಡ್ತಿದ್ರಿ?"

ಸೀರೆ ಅವರ ಕೈಯಲ್ಲೇ ನಿಂತಿತು. ನೀರು ತೊಟ್ಟಿಕ್ಕುತ್ತಿತ್ತು. ಯಾವ ದಿನ ಎಂದು ಅವರು ಕೇಳಲಿಲ್ಲ.

"ಕಾರಿಡಾರಲ್ಲಿ ನಿಂತಿದ್ದೆ," ಅಂದರು. "ಯಾರ್ದು ಅಂತ ಹೇಳಿ, ವಯಸ್ಸೆಷ್ಟು ಅಂತ ಹೇಳಿ, ಆಮೇಲೆ ಸಹಿ ಹಾಕ್ತೀನಿ ಅಂದೆ. ಪರಮಶಿವಯ್ಯನ್ನ ಮೊದ್ಲು ಒಳಗೆ ತಗೊಂಡು ಹೋದ್ರಲ್ಲ, ಮಾದಯ್ಯ ತಳ್ಕೊಂಡು ಹೋದ್ನಲ್ಲ. ನನಗೆ ತಲೆ ಕೆಟ್ಟೋಯ್ತು ಹೊನ್ನಾಜಿ. ಒಳ್ಳೇದು ಅವನಿಗೆ ಕೊಟ್ಟು ಕೆಟ್ಟದ್ದು ನಿನಗೆ ಕೊಡ್ತಾರೆ ಅನ್ನಿಸ್ತು. ಡಾಕ್ಟ್ರು ಕೈ ಮುಗಿದ್ರು, ಬೈದ್ರು. ನಾನು ಬಾಗಿಲಿಗೆ ಅಡ್ಡ ನಿಂತೆ. ನಿನ್ನ ಬೆರಳೆಲ್ಲ ನೀಲಿ ಆದ್ಮೇಲೆ ಹಾಕ್ದೆ."

"ಆಮೇಲೆ?"

"ಆಮೇಲೆ ಅವ್ರ ಕಾಲಿಗೆ ಬಿದ್ದೆ. ಅವಳಿಗೆ ಹೇಳ್ಬೇಡಿ ಅಂದೆ. ತಿಂಗ್ಳಿಗೊಂದ್ಸಲ ಹೋಗಿ ಕೇಳ್ತಿದ್ದೆ, ಗಾಯ ಸರಿ ಹೋಗುತ್ತಾ ಅಂತ. ಹೋಗಲ್ಲ ಅನ್ನೋರು. ಮತ್ತೆ ಹೋಗ್ತಿದ್ದೆ."

ಬೈಗುಳ ನನ್ನ ಬಾಯಿ ತನಕ ಬಂದಿತ್ತು. ಮನೆ ಬಿಟ್ಟು ಹೋಗಿ ಎನ್ನುವ ಮಾತೂ ಬಂದಿತ್ತು. ಆದರೆ ಅಡುಗೆಮನೆಯ ಗೂಡಿನಲ್ಲಿ ಸುರುಳಿ ಸುತ್ತಿಟ್ಟಿದ್ದ ಅರ್ಜಿ ಕಣ್ಣಿಗೆ ಬಿತ್ತು. ಅವರು ಒಬ್ಬರೇ ನಿಂತು ಮಾಡಿದ್ದನ್ನು ನಾನು ನೂರು ಮನೆಗೆ ಕಲಿಸಿದ್ದೆ. ಆ ಕಾರಿಡಾರಿನಲ್ಲಿ ನಾನು ನಿಂತು, ಒಳಗೆ ಇವರು ಮಲಗಿದ್ದರೆ, ನಾನಂತೂ ಮೂರು ನಲವತ್ತಕ್ಕೂ ಸಹಿ ಹಾಕುತ್ತಿರಲಿಲ್ಲ.

ಬೀದಿ ಬಾಗಿಲಲ್ಲಿ ಕಬ್ಬಿಣದ ಕೀಲಿ ಕಲ್ಲಿಗೆ ತಾಗಿದ ಸದ್ದಾಯಿತು. ಪರಮಶಿವಯ್ಯ ಒಳಗೆ ಇಣುಕಿದ. ನಗು ಇರಲಿಲ್ಲ.

"ನಿಮ್ ಅರ್ಜಿ ಕೆಲ್ಸ ಮಾಡ್ತಾ ಇದೆ ಹೊನ್ನಾಜಮ್ಮ. ಕಾಳಯ್ಯಂಗೆ ಶ್ವಾಸಕೋಶ ಬಂದದೆ. ಐಸ್ ಪೆಟ್ಟಿಗೆ ಬಾಗಿಲಲ್ಲಿ ಇಟ್ಕೊಂಡು ನಿಂತವ್ರೆ. ಜವನಮ್ಮ ವಯಸ್ಸು ಹೇಳೋ ತನ್ಕ ಸಹಿ ಹಾಕಲ್ಲ ಅಂತ ಕೂತವ್ಳೆ."

"ಎಷ್ಟೊತ್ತಾಯ್ತು?" ಅಂದೆ.

"ಒಂದು ಗಂಟೆ ಮೇಲಾಯ್ತು."

ನಾನು ಎದ್ದೆ. ಆಸ್ಪತ್ರೆಯ ದಿಬ್ಬಕ್ಕೆ ಅರವತ್ತೆರಡು ಮೆಟ್ಟಿಲು. ಬೆಳಗ್ಗೆ ಅದನ್ನು ಮುಕ್ಕಾಲು ಗಂಟೆ ತೆಗೆದುಕೊಂಡು, ಆರೇಳು ಕಡೆ ಕೂತು ಹತ್ತಿದ್ದೆ. ಈಗ ಕೂರಲಿಲ್ಲ. ಇಪ್ಪತ್ತನೆಯ ಮೆಟ್ಟಿಲಿಗೆ ಎದೆ ಬಿಗಿಯಿತು, ಮೂವತ್ತಕ್ಕೆ ಕಣ್ಣು ಮಂಜಾಯಿತು. ನನ್ನ ಗಂಡ ಹಿಂದಿನಿಂದ ರಟ್ಟೆ ಹಿಡಿದರು. ಕೊಡವಿಕೊಂಡೆ. ಮತ್ತೆ ಹತ್ತು ಮೆಟ್ಟಿಲಾದ ಮೇಲೆ ನಾನೇ ಅವರ ಕೈ ಹಿಡಿದುಕೊಂಡೆ, ಬೇರೆ ದಾರಿ ಇರಲಿಲ್ಲ.

ಆಪರೇಷನ್ ಥಿಯೇಟರ್ ಮುಂದೆ ಜನ ಸೇರಿದ್ದರು. ಜವನಮ್ಮ ಬೆಂಚಿನ ಮೇಲೆ ಒಪ್ಪಿಗೆ ಪತ್ರವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಾಗಿಲ ಪಕ್ಕ ಮಾದಯ್ಯ ನೀಲಿ ಪೆಟ್ಟಿಗೆಯ ಹಿಡಿಯನ್ನು ಬಿಡದೆ ನಿಂತಿದ್ದ. ಡಾಕ್ಟರು ಕೈಗವಸು ಹಾಕಿಕೊಂಡು ಕೈ ಎತ್ತಿ ಹಿಡಿದೇ ಕಾಯುತ್ತಿದ್ದರು. ನನ್ನನ್ನು ನೋಡಿ ಜವನಮ್ಮನ ಮುಖ ಅರಳಿತು.

"ಬಂದ್ರಾ ಅಕ್ಕ! ನೀವೇ ಹೇಳಿ ಇವ್ರಿಗೆ. ಕೇಳ್ದೆ ಸಹಿ ಹಾಕ್ಲಾ?"

ಹಾಕು ಎನ್ನಲು ಬಾಯಿ ತೆರೆದೆ. ಸದ್ದು ಬರಲಿಲ್ಲ. ಎದೆಯಿಂದ ಕಮ್ಮಾರನ ತಿದಿಯ ಹಾಗೆ ಸುಯ್ ಸುಯ್ ಮಾತ್ರ ಬರುತ್ತಿತ್ತು. ಕೈ ಆಡಿಸಿದೆ. ಅವಳಿಗೆ ಅರ್ಥವಾಗಲಿಲ್ಲ, ಬೇಡ ಅನ್ನುತ್ತಿದ್ದೇನೆ ಎಂದುಕೊಂಡು ಪತ್ರವನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಆಗ ನನ್ನ ಗಂಡ ಮುಂದೆ ಬಂದರು. ಊರಿನ ಅಷ್ಟು ಜನರ ಮುಂದೆ, ಮಾದಯ್ಯನ ಮುಂದೆ.

"ಜವನಮ್ಮ, ಇವಳಿಗೆ ಬಂದದ್ದು ಇಪ್ಪತ್ತಮೂರು ವರ್ಷದ ಹುಡುಗಂದು. ಎಲ್ಲರಿಗಿಂತ ಒಳ್ಳೇದು. ಹನ್ನೊಂದು ಗಂಟೆಗೆ ಇದೇ ಬಾಗಿಲಿಗೆ ಬಂದಿತ್ತು. ವಯಸ್ಸು ಹೇಳಿ ಅಂತ ನಾನು ನಾಲ್ಕು ಗಂಟೆ ತನಕ ನಿಲ್ಸಿದ್ದೆ. ಯಾರೂ ಮೋಸ ಮಾಡ್ಲಿಲ್ಲ. ಮಾದಯ್ಯ ಮಾಡ್ಲಿಲ್ಲ. ನಾನೇ ಹಾಳು ಮಾಡ್ದೆ. ಇವಳ ಉಸಿರು ಕೇಳು. ಕೇಳಿಸ್ತಿದೆಯಾ?"

ನನ್ನ ಏದುಸಿರು ಆ ಕಾರಿಡಾರಿನಲ್ಲೆಲ್ಲ ಕೇಳುತ್ತಿತ್ತು. ಜವನಮ್ಮ ನನ್ನ ಗಂಡನನ್ನು ನೋಡಿದಳು, ಡಾಕ್ಟರನ್ನು ನೋಡಿದಳು, ಮತ್ತೆ ನನ್ನ ಗಂಡನನ್ನು ನೋಡಿದಳು.

"ಈ ಡಾಕ್ಟ್ರು ನಿಮ್ಗೆ ಹೇಳ್ಕೊಟ್ಟು ಕರ್ಸಿದ್ದಾ?" ಅಂದಳು.

ಅವಳನ್ನು ನಾನು ಬೈಯಲಾರೆ. ಆ ಪ್ರಶ್ನೆಯನ್ನು ಅವಳಿಗೆ ಕಲಿಸಿದವಳು ನಾನೇ. ಹೋಗಿ ಅವಳ ಪಕ್ಕ ಕೂತೆ. ಅವಳ ಕೈ ತೆಗೆದು ನನ್ನ ಎದೆಯ ಎಡಭಾಗದ ಕೆಳಗೆ, ಗಾಳಿ ತುಂಬಿಕೊಳ್ಳದ ಜಾಗದ ಮೇಲೆ ಇಟ್ಟುಕೊಂಡೆ. ಬಲಗಡೆ ಏರುತ್ತಿತ್ತು, ಎಡಗಡೆ ಏರುತ್ತಿರಲಿಲ್ಲ. ಅವಳು ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಪೆನ್ನು ಕೇಳಿದಳು. ಮಾದಯ್ಯ ಅವಳು ಪೂರ್ತಿ ಹೆಸರು ಬರೆಯುವಷ್ಟರಲ್ಲೇ ಪೆಟ್ಟಿಗೆ ಒಳಗೆ ತಳ್ಳಿಬಿಟ್ಟಿದ್ದ.

ಕಾಳಯ್ಯ ಬದುಕಿಕೊಂಡ. ನಾಲ್ಕು ದಿನ ಊತ ಇತ್ತು, ಆಮೇಲೆ ಇಳಿಯಿತು. ನಾನು ಅರ್ಜಿಯನ್ನು ಹರಿಯಲಿಲ್ಲ, ತಿದ್ದಿಸಿದೆ. ವಯಸ್ಸು ಗೊತ್ತಿರುವ ಮನೆಯವರು ನಾಚಿಕೆ ಬಿಟ್ಟು ಡಾಕ್ಟರ ಕಿವಿಯಲ್ಲಾದರೂ ಹೇಳಬೇಕು, ಆದರೆ ಸಹಿ ಮೊದಲು ಎಂದು. ಸಣ್ಣತಾಯಮ್ಮ ಅದಕ್ಕೆ ಹೆಬ್ಬೆಟ್ಟು ಒತ್ತಿದಳು. ನನ್ನ ಜೊತೆ ಮಾತ್ರ ಮಾತಾಡಲಿಲ್ಲ. ಇದೆಲ್ಲ ಆಮೇಲಿನ ಮಾತು.

ಆ ದಿನ ಥಿಯೇಟರ್ ಬಾಗಿಲು ಮುಚ್ಚಿದ ಮೇಲೆ ಜನ ಚದುರಿದರು. ಬೆಂಚಿನ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ನನ್ನ ಗಂಡ ಉಳಿದೆವು. ಸೀರೆ ಹಿಂಡಿದ ನೀರಿನಿಂದ ಅವರ ಅಂಗಿಯ ತೋಳು ಇನ್ನೂ ಒದ್ದೆಯಿತ್ತು. ನನ್ನ ಕಡೆ ತಿರುಗದೆ ಕೇಳಿದರು.

"ನಾನು ಮನೆಗೆ ಬರ್ಲಾ, ಬ್ಯಾಡ್ವಾ?"

ನಾನು ಕೈ ಎತ್ತಿ ತಡೆದೆ.

"ತಡೀರಿ," ಅಂದೆ. "ಮೊದ್ಲು ಉಸಿರು ಬರ್ಲಿ."